ಮಲಗಿ ನೋಡು

ಕಲಾಮಾದ ನನ್ನ ಗ್ಯಾರೇಜಿಗೆ ಬಂದವರೆಲ್ಲ
ಮೊದಲು ಕೇಳುವುದು ಎತ್ತರ.
ಇನ್ನೆರಡು ಇಂಚು ಎತ್ತಿಕೊಡು ಮಾಯೆಸ್ತ್ರೊ,
ಹಲ್ಲು ದೊಡ್ಡವಿರುವ ಟೈರು ಹಾಕು,
ನೆತ್ತಿಗೊಂದು ಗುಡಾರ, ಮೂತಿಗೊಂದು ಕಬ್ಬಿಣ.
ನಾನು ಸೀಮೆಸುಣ್ಣ ಹಿಡಿದು ಗೋಡೆಯ ಮೇಲೆ ಕಳೆಯುತ್ತೇನೆ:
ಎತ್ತರಕ್ಕೆ ಇಪ್ಪತ್ತು ಕಿಲೋಮೀಟರು,
ಟೈರಿಗೆ ನಲವತ್ತು,
ಗುಡಾರ ಗಾಳಿಗೆ ಎದೆ ಕೊಟ್ಟಿದ್ದಕ್ಕೆ ಮೂವತ್ತು.
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ;
ಈ ಗಾಡಿಗಳಲ್ಲಿ ಕಾಲು ಉದ್ದವಾದಷ್ಟೂ
ಹಾಸಿಗೆಯೇ ಕುಗ್ಗುತ್ತದೆ.

ಎಡೆಲ್ಮಿರಾ ತೀತೊ ಎತ್ತರ ಕೇಳಲಿಲ್ಲ.
ನರ್ಸು. ಸೊಕಾಯ್ರೆಯ ಆರೋಗ್ಯ ಠಾಣೆ ಅವಳದು,
ಅದರ ಮೇಲೆ, ಉಸಿರು ತೆಳ್ಳಗಾಗುವ ಕಡೆ,
ಹನ್ನೊಂದು ಕಲ್ಲಿನ ದೊಡ್ಡಿ.
ಹಳೆಯ ಡೀಸೆಲ್ ಗಾಡಿಯಲ್ಲಿ ಫ್ರೊಯಿಲಾನನನ್ನು ಇಳಿಸಿ ತಂದಿದ್ದಳಂತೆ,
ತೊಡೆಮೂಳೆ ಮುರಿದಿತ್ತು.
ಕಲಮಿನಾ ಅನ್ನುತ್ತೇವೆ ಆ ರಸ್ತೆಗೆ,
ಅಲೆಅಲೆ ತಗಡಿನ ಹಾಗೆ ಮಣ್ಣು.
ಒಂದೊಂದು ಅಲೆಗೂ ಒಂದೊಂದು ಸಂತರ ಹೆಸರು ಕೂಗಿದನಂತೆ,
ಸಂತರು ಮುಗಿದರು, ರಸ್ತೆ ಮುಗಿಯಲಿಲ್ಲ.

ಎಷ್ಟು ದೂರ ಹೋಗುತ್ತದೆ ಅಂತ ಹೇಳಬೇಡ, ಅಂದಳು,
ನೋವಿಲ್ಲದೆ ಎಷ್ಟು ದೂರ, ಅದನ್ನು ಹೇಳು.

ಇಪ್ಪತ್ತೆರಡು ವರ್ಷದ ಅನುಭವ ನನ್ನದು.
ಉಕ್ಕಿನ ಸುರುಳಿ ತಗೊ ಅಂದೆ.
ಮುರಿದರೆ ನಾನಿದ್ದೇನೆ, ಸುತ್ತಿಗೆಯಿದೆ.
ಗಾಳಿಚೀಲ ನಂಬಬೇಡ,
ಜುಲೈ ಚಳಿಗೆ ರಬ್ಬರು ಬಿರಿಯುತ್ತದೆ,
ಬದಲಿ ಬರಬೇಕು ಸಾಂತಿಯಾಗೊದಿಂದ, ಮೂರು ವಾರ.
ಅವಳು ಹಿಂದಿನ ಬಾಗಿಲು ತೆಗೆದಳು.
ಮಲಗು, ಅಂದಳು.

ಮಲಗಿದೆ.
ಸ್ಪ್ರಿಂಗನ್ನು ಕೆಳಗಿನಿಂದ ಬಲ್ಲೆ, ಪಕ್ಕದಿಂದ ಬಲ್ಲೆ,
ಸ್ಟ್ರೆಚರಿನ ಮೇಲಿಂದ ಕಂಡಿರಲಿಲ್ಲ.
ಸುರುಳಿಯ ಗಾಡಿಯಲ್ಲಿ ಎಂಟು ಕಿಲೋಮೀಟರು:
ನನ್ನ ಹಲ್ಲುಗಳು ಒಂದನ್ನೊಂದು ಪರಿಚಯಿಸಿಕೊಂಡವು.
ಗಾಳಿಯ ಗಾಡಿಯಲ್ಲಿ ಅದೇ ಎಂಟು:
ನಿದ್ದೆ ಬಂತು ಅಂತ ಹೇಳಲಾರೆ,
ಆದರೆ ಮೇಲಿನ ಗಾಜಿನಲ್ಲಿ ಮೋಡವೊಂದು
ನಿಂತಲ್ಲೇ ನಿಂತಿತ್ತು.

ಚಿಕ್ಕ ಚಕ್ರ ಆರಿಸಿಕೊಂಡಳು, ಗುಡಾರ ಬೇಡ,
ಡಾಂಬರಿನಲ್ಲಿ ಹೊಟ್ಟೆ ನೆಲಕ್ಕಿಳಿಸಿ ಓಡಿಸುತ್ತಾಳೆ, ಗಾಳಿ ಮೇಲಿಂದ ಜಾರಲಿ ಅಂತ.
ಬದಲಿ ಚೀಲ ಒಂದು, ಈಗಲೇ, ಅವಳ ಸೀಟಿನ ಕೆಳಗೆ.
ಏರು ತಿನ್ನುತ್ತದೆ: ಠಾಣೆಯಿಂದ ನೂರು, ದೊಡ್ಡಿಗಳಲ್ಲಿ ಐವತ್ತನಾಲ್ಕು.
ಇಳಿಜಾರು ಒಂಬತ್ತೋ ಹತ್ತೋ ಹಿಂದಕ್ಕೆ ಕೊಡುತ್ತದೆ,
ಬಡ್ಡಿಯಿಲ್ಲ, ಅಸಲೂ ಪೂರ್ತಿಯಿಲ್ಲ.
ಕೆಳಗೆ ಉಪ್ಪಿನ ಬಯಲು, ಹಸಿರು ನೀಲಿ ಕೊಳಗಳು,
ಬ್ಯಾಟರಿಯ ತವರು.
ತವರಿನ ಮುಂದೆಯೇ ಹಾಯುತ್ತದೆ ಗಾಡಿ, ನಿಲ್ಲುವುದಿಲ್ಲ.
ನಮ್ಮ ಒರತೆ ಅಲ್ಲಿಗೇ ಹೋಯಿತು ಅನ್ನುತ್ತಾನೆ ಫ್ರೊಯಿಲಾನ್.
ಅವಳು ಮಾತಾಡುವುದಿಲ್ಲ, ಹಾಯುವಾಗ ಹಾರ್ನ್ ಮಾತ್ರ ಒಮ್ಮೆ ಒತ್ತುತ್ತಾಳೆ.

ದೊಡ್ಡಿಯ ಮುಂದೆ ಗಾಡಿ ಉಸ್ಸೆಂದು ಮಂಡಿಯೂರುತ್ತದೆ,
ಸ್ಟ್ರೆಚರು ಸಲೀಸಾಗಿ ಒಳಗೆ.
ಲಾಮಾಗಳು ಅಗಿಯುವುದು ಬಿಟ್ಟು ನೋಡುತ್ತವೆ,
ಇದೂ ನಮ್ಮ ಪೈಕಿಯೇ?
ಹೊರೆ ಹೆಚ್ಚಾದರೆ ಅವು ಕೂತುಬಿಡುತ್ತವೆ, ಬೈದರೆ ಉಗುಳುತ್ತವೆ.
ಇದಕ್ಕೆ ಉಗುಳುವ ಧೈರ್ಯವಿಲ್ಲ;
ಪರದೆಯ ಮೇಲೊಂದು ಆಮೆ ತೋರಿಸುತ್ತದೆ, ಅಷ್ಟೇ.

ಮೂರನೆಯ ಜುಲೈಗೆ ಹಿಂದಿನ ಎಡಚೀಲ ಬಿರಿಯಿತು.
ನಾನು ಹೇಳಿರಲಿಲ್ಲವೇ ಅಂತ ಫೋನಿನಲ್ಲಿ ಶುರುಮಾಡಿದೆ.
ರಾತ್ರಿಯ ಚಳಿ, ಒಬ್ಬ ಬಸುರಿ, ಬದಲಿ ಹಾಕಲು ಹೊತ್ತಿರಲಿಲ್ಲ.
ಒಂದು ಪಕ್ಕ ವಾಲಿದ ಗಾಡಿ, ಮಡಿಸಿಟ್ಟ ಮೂರು ಕಂಬಳಿ,
ಗಂಟೆಗೆ ಹದಿನೆಂಟರ ವೇಗ.
ಠಾಣೆ ಮುಟ್ಟಿದಾಗ, ಅಂದಳು,
ಎಂದಿಗಿಂತ ಹೆಚ್ಚು ಚಾರ್ಜು ಉಳಿದಿತ್ತು ಮಾಯೆಸ್ತ್ರೊ.
ಇದನ್ನೂ ಬರೆದುಕೊ ನಿನ್ನ ಗೋಡೆಯ ಮೇಲೆ.

ಗೋಡೆಯಲ್ಲಿ ಕೂಡುವುದಕ್ಕೆ ಜಾಗವೇ ಬಿಟ್ಟಿರಲಿಲ್ಲ ನಾನು.
ಬಾಗಿಲಿನ ಹಿಂದೆ ಬರೆದೆ.